ಜೆಎಸ್‌ಪಿ ಪುಟ ಬದಲಾಯಿಸಿದರೂ ಬದಲಾಗದಿದ್ದರೆ: ಮೊದಲು ವರ್ಕ್ ಫೋಲ್ಡರ್ ತೆರೆಯಿರಿ

ಪುಣೆಯಲ್ಲಿ ನಮ್ಮ ಕನ್ನಡ ಓದುಗರ ಬಳಗಕ್ಕೆ ಒಂದು ಸಣ್ಣ ವೆಬ್‌ಸೈಟ್ ಇದೆ. ಚಿಂಚವಾಡ, ಕೋಥರೂಡ, ವಿಮಾನನಗರದ ಮನೆಗಳಲ್ಲಿ ಇರುವ ಪುಸ್ತಕಗಳ ಪಟ್ಟಿ ಅದರಲ್ಲಿದೆ. ಯಾರಿಗೆ ಯಾವುದು ಬೇಕೋ ಅದನ್ನು ಎರವಲು ಕೇಳಬಹುದು. ಸೊಸೆ, ಅಳಿಯ ಮರಾಠಿಯವರಾದ ಮನೆಗಳೂ ಇರುವುದರಿಂದ ಪುಟಗಳು ಕನ್ನಡದಲ್ಲೂ ಮರಾಠಿಯಲ್ಲೂ ಇವೆ. ಒಳಗಿರುವುದು ಹಳೆಯ ಜೆಎಸ್‌ಪಿ (ಎಚ್‌ಟಿಎಂಎಲ್ ನಡುವೆ ಜಾವಾ ಕೋಡ್ ಬೆರೆಸಿ ಪುಟ ಬರೆಯುವ ವಿಧಾನ), ಅಂಥ ಪುಟಗಳನ್ನು ಓಡಿಸುವ ಟಾಮ್‌ಕ್ಯಾಟ್ ಸರ್ವರ್, ಮುಂಬೈನಲ್ಲಿ ಬಾಡಿಗೆಗೆ ಪಡೆದ ಒಂದು ಲಿನಕ್ಸ್ ಯಂತ್ರ.

ಅದನ್ನು ಈಗ ನೋಡಿಕೊಳ್ಳುತ್ತಿರುವವರು ಹಿಂಜವಡಿಯಲ್ಲಿ ಕೆಲಸ ಮಾಡುವ ಹುಡುಗ ಹುಡುಗಿಯರು. ಸ್ಪ್ರಿಂಗ್ ಬೂಟ್, ರಿಯಾಕ್ಟ್‌ನಂಥ ಈಗಿನ ಉಪಕರಣಗಳನ್ನೆಲ್ಲ ಚೆನ್ನಾಗಿ ಬಲ್ಲವರು. 1999ರಲ್ಲಿ ಮೊದಲ ಆವೃತ್ತಿ ಬಂದ ಜೆಎಸ್‌ಪಿ ಮಾತ್ರ ಅವರಿಗೆ ಹೊಸದು. ಅವರು ಜಾಸ್ತಿ ಕೇಳುವ ಪ್ರಶ್ನೆ: "ಫೈಲ್ ಬದಲಾಯಿಸಿದ್ದೀವಿ, ಪುಟ ಬದಲಾಗ್ತಾ ಇಲ್ಲ. ಯಾಕೆ?" ಇದು ಅವರಿಗಾಗಿ ಬರೆದದ್ದು. ಇಂಥ ಹಳೆಯ ಸೈಟುಗಳನ್ನು ಸಾಕುತ್ತಿರುವ ಬೇರೆಯವರಿಗೂ ಉಪಯೋಗ ಆಗಲಿ.

ನಾನು ಹೇಳುವುದು ಇಷ್ಟು: ಪುಟ ತಪ್ಪಾಗಿ ನಡೆದುಕೊಂಡರೆ ಜೆಎಸ್‌ಪಿ ಫೈಲನ್ನೇ ದಿಟ್ಟಿಸುತ್ತ ಕೂರಬೇಡಿ. ಸರ್ವರ್ ಅದನ್ನು ನೇರವಾಗಿ ಓಡಿಸುವುದೇ ಇಲ್ಲ.

ಓಡುವುದು ಏನು

ಟಾಮ್‌ಕ್ಯಾಟ್ ಒಳಗೆ ಜಾಸ್ಪರ್ ಎಂಬ ಭಾಗ ಇದೆ. ಒಂದು ಜೆಎಸ್‌ಪಿ ಪುಟವನ್ನು ಯಾರಾದರೂ ಮೊದಲ ಸಲ ಕೇಳಿದಾಗ ಜಾಸ್ಪರ್ ಅದನ್ನು ಓದಿ ಒಂದು ಜಾವಾ ಫೈಲ್ ಬರೆಯುತ್ತದೆ. ಅದು ಪೂರ್ತಿ ಒಂದು ಸರ್ವ್‌ಲೆಟ್, ಅಂದರೆ ಸರ್ವರ್ ಒಳಗೆ ಕೂತು ವಿನಂತಿಗೆ ಉತ್ತರ ಕಳಿಸುವ ಜಾವಾ ಪ್ರೋಗ್ರಾಂ. ನಿಮ್ಮ ಎಚ್‌ಟಿಎಂಎಲ್ ಸಾಲುಗಳು ಅಲ್ಲಿ ಬರೀ ಔಟ್ ಡಾಟ್ ರೈಟ್ ಕರೆಗಳಾಗಿರುತ್ತವೆ. ಆಮೇಲೆ ಆ ಜಾವಾ ಫೈಲನ್ನು ಕಂಪೈಲ್ ಮಾಡಿ, ಅಂದರೆ ಓಡಿಸಬಲ್ಲ ರೂಪಕ್ಕೆ ತಿರುಗಿಸಿ, ಕ್ಲಾಸ್ ಫೈಲ್ ಮಾಡುತ್ತದೆ. ಅದನ್ನು ಮೆಮೊರಿಗೆ ತಂದು ಓಡಿಸುತ್ತದೆ. ಎರಡನೆಯ ವಿನಂತಿಯಿಂದ ಕ್ಲಾಸ್ ಫೈಲ್ ನೇರವಾಗಿ ಕೆಲಸ ಮಾಡುತ್ತದೆ. ಡಿಪ್ಲಾಯ್ ಆದ ಮೇಲೆ (ಸೈಟನ್ನು ಸರ್ವರ್‌ಗೆ ಹಾಕಿದ ಮೇಲೆ) ಮೊದಲ ಸಲ ಪುಟ ನಿಧಾನವಾಗಿ ತೆರೆಯುವುದಕ್ಕೆ ಇದೇ ಕಾರಣ. ಅದು ದೋಷ ಅಲ್ಲ.

ಈ ಜಾವಾ ಮತ್ತು ಕ್ಲಾಸ್ ಫೈಲುಗಳು ಎಲ್ಲಿರುತ್ತವೆ? ಟಾಮ್‌ಕ್ಯಾಟ್ ಫೋಲ್ಡರಿನ ಒಳಗೆ ವರ್ಕ್, ಅದರೊಳಗೆ ಕ್ಯಾಟಲೀನಾ, ಅದರೊಳಗೆ ಲೋಕಲ್‌ಹೋಸ್ಟ್, ಅದರೊಳಗೆ ನಿಮ್ಮ ಅಪ್ಲಿಕೇಶನ್ನಿನ ಹೆಸರು, ಆಮೇಲೆ ಆರ್ಗ್, ಅಪಾಚೆ, ಜೆಎಸ್‌ಪಿ. ಡೆಬಿಯನ್ ಅಥವಾ ಉಬುಂಟು ಪ್ಯಾಕೇಜಿನಿಂದ ಟಾಮ್‌ಕ್ಯಾಟ್ ಹಾಕಿಕೊಂಡಿದ್ದರೆ ವರ್ಕ್ ಎನ್ನುವುದು ಒಂದು ಕೊಂಡಿ ಮಾತ್ರ. ನಿಜವಾದ ಜಾಗ ಸಿಸ್ಟಮ್‌ನ ಕ್ಯಾಶ್ ಫೋಲ್ಡರಿನಲ್ಲಿರುತ್ತದೆ.

ಫೈಲಿನ ಹೆಸರು ಸ್ವಲ್ಪ ಬದಲಾಗುತ್ತದೆ, ಅದಕ್ಕೆ ಗಾಬರಿ ಬೇಡ. ಪುಸ್ತಕ ಡಾಟ್ ಜೆಎಸ್‌ಪಿ ಎನ್ನುವುದು ಪುಸ್ತಕ ಅಂಡರ್‌ಸ್ಕೋರ್ ಜೆಎಸ್‌ಪಿ ಡಾಟ್ ಜಾವಾ ಆಗುತ್ತದೆ. ಹೆಸರಿನಲ್ಲಿ ಅಡ್ಡಗೆರೆ ಇದ್ದರೆ ಅದು ಅಂಡರ್‌ಸ್ಕೋರ್ 002ಡಿ ಎಂದು ಕಾಣುತ್ತದೆ, ಯಾಕೆಂದರೆ ಜಾವಾ ಹೆಸರಿನಲ್ಲಿ ಅಡ್ಡಗೆರೆ ಬರುವಂತಿಲ್ಲ. ನೀವೇ ಹಾಕಿದ ಅಂಡರ್‌ಸ್ಕೋರ್ ಕೂಡ 005ಎಫ್ ಎಂಬ ಬಾಲ ಹಚ್ಚಿಕೊಂಡು ಬರುತ್ತದೆ. "ನನ್ನ ಫೈಲೇ ಇಲ್ಲ" ಎಂದು ಹೇಳುವ ಮುಂಚೆ ಈ ಹೆಸರುಗಳಲ್ಲಿ ಹುಡುಕಿ ನೋಡಿ.

ಫೋಲ್ಡರ್ ಏನು ಹೇಳುತ್ತದೆ

ಬ್ರೌಸರಿನಲ್ಲಿ ಪುಟವನ್ನು ಒಮ್ಮೆ ತೆರೆಯಿರಿ, ಆಮೇಲೆ ಈ ಫೋಲ್ಡರ್ ನೋಡಿ. ನಿಮ್ಮ ಪುಟದ ಜಾವಾ ಫೈಲೂ ಇಲ್ಲ, ಕ್ಲಾಸ್ ಫೈಲೂ ಇಲ್ಲ, ಬ್ರೌಸರಿನಲ್ಲಿ 500 ದೋಷವೂ (ಸರ್ವರ್ ಒಳಗೇ ಎಡವಿದೆ ಎಂಬ ಸಂದೇಶ) ಇಲ್ಲ ಎಂದರೆ ವಿನಂತಿ ಜಾಸ್ಪರ್‌ವರೆಗೆ ಬಂದೇ ಇಲ್ಲ. ಮ್ಯಾಪಿಂಗ್ ನೋಡಬೇಕು, ಅಂದರೆ ಯಾವ ವಿಳಾಸ ಯಾವ ಸರ್ವ್‌ಲೆಟ್‌ಗೆ ಹೋಗಬೇಕು ಎಂಬ ನಿಯಮ. 500 ದೋಷ ಬಂದಿದೆ, ಜಾವಾ ಫೈಲ್ ಇಲ್ಲ ಎಂದರೆ ಜೆಎಸ್‌ಪಿಯನ್ನು ಜಾವಾಗೆ ತಿರುಗಿಸುವಾಗಲೇ ಎಡವಿದೆ. ಹಾಗಾದಾಗ ಜಾಸ್ಪರ್ ಅರ್ಧ ಬರೆದ ಫೈಲನ್ನು ತಾನೇ ಅಳಿಸುತ್ತದೆ. ಜಾವಾ ಫೈಲ್ ಇದೆ, ಕ್ಲಾಸ್ ಇಲ್ಲ ಎಂದರೆ ಕಂಪೈಲ್ ಆಗಿಲ್ಲ. ಎರಡೂ ಇವೆ, ಆದರೆ ಜಾವಾ ಫೈಲಿನ ಒಳಗೆ ಹಳೆಯ ಪಠ್ಯವೇ ಇದೆ ಎಂದರೆ ತಾರೀಖಿನ ಗೊಂದಲ. ಎರಡೂ ಇವೆ, ಒಳಗೆ ಹೊಸ ಪಠ್ಯ ಇದೆ, ಬ್ರೌಸರಿನಲ್ಲಿ ಮಾತ್ರ ಹಳೆಯದು ಎಂದರೆ ಟಾಮ್‌ಕ್ಯಾಟನ್ನು ಬಿಟ್ಟುಬಿಡಿ. ಬ್ರೌಸರ್ ಕ್ಯಾಶ್, ಮುಂದಿರುವ ಪ್ರಾಕ್ಸಿ, ಅಥವಾ ವಿಳಾಸ ಬೇರೆ ಯಂತ್ರಕ್ಕೆ ಹೋಗುತ್ತಿದೆಯೇ ಎಂದು ನೋಡಿ.

ಇಷ್ಟು ನೋಡುವುದಕ್ಕೆ ಎರಡು ನಿಮಿಷ ಸಾಕು. ಇದನ್ನು ಬಿಟ್ಟು ಸುಮ್ನೆ ರೀಸ್ಟಾರ್ಟ್ ಮಾಡುತ್ತ ಹೋದರೆ ದೋಷ ಕೆಲವೊಮ್ಮೆ ಹೋಗುತ್ತದೆ, ಕಾರಣ ಮಾತ್ರ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಫೋಲ್ಡರ್ ಖಾಲಿ, ಪುಟ ಮಾತ್ರ ಬರುತ್ತಿದೆ

ಎಲ್ಲಕ್ಕಿಂತ ಜಾಸ್ತಿ ತಲೆ ತಿನ್ನುವ ದೋಷ ಇದು. ಹಾಗಾಗಿ ಇದನ್ನೇ ಬಿಡಿಸಿ ಹೇಳುತ್ತೇನೆ.

ಪುಟ ಚೆನ್ನಾಗಿಯೇ ತೆರೆಯುತ್ತದೆ. ಆದರೆ ಹಳೆಯದು. ಜೆಎಸ್‌ಪಿ ಫೈಲಿನಲ್ಲಿ ಏನು ಬರೆದರೂ ಪರಿಣಾಮ ಇಲ್ಲ. ವರ್ಕ್ ಫೋಲ್ಡರ್ ಅಳಿಸಿದರೂ, ಸರ್ವರ್ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಕೊನೆಗೆ ಜೆಎಸ್‌ಪಿ ಫೈಲನ್ನೇ ಬೇರೆ ಕಡೆ ಎತ್ತಿಟ್ಟರೂ ಪುಟ ಬರುತ್ತಲೇ ಇರುತ್ತದೆ!

ಇಂಥಲ್ಲಿ ಪುಟ ಮುಂಚೆಯೇ ಕಂಪೈಲ್ ಆಗಿದೆ ಎಂದು ತಿಳಿಯಿರಿ. ಟಾಮ್‌ಕ್ಯಾಟ್ ಜೊತೆ ಜೆಎಸ್‌ಪಿಸಿ ಎಂಬ ಉಪಕರಣ ಬರುತ್ತದೆ. ಬಿಲ್ಡ್ ಮಾಡುವಾಗಲೇ ಅದು ಎಲ್ಲ ಪುಟಗಳನ್ನು ಸರ್ವ್‌ಲೆಟ್ ಮಾಡಿ, ಕಂಪೈಲ್ ಆದ ಕ್ಲಾಸುಗಳನ್ನು ವಾರ್ ಫೈಲಿನ (ಇಡೀ ಅಪ್ಲಿಕೇಶನ್ ಕಟ್ಟಿಟ್ಟ ಒಂದೇ ಫೈಲ್) ಒಳಗೆ ಸೇರಿಸಲು ಅನುಕೂಲ ಮಾಡಿಕೊಡುತ್ತದೆ. ಜೊತೆಗೆ ಅಪ್ಲಿಕೇಶನ್ನಿನ ಸೆಟ್ಟಿಂಗ್‌ಗಳಿರುವ ವೆಬ್ ಡಾಟ್ ಎಕ್ಸ್‌ಎಂಎಲ್‌ಗೆ ಸೇರಿಸಲು ಒಂದು ತುಣುಕನ್ನೂ ಬರೆಯುತ್ತದೆ. ಪ್ರತಿ ಪುಟಕ್ಕೂ ಅದರಲ್ಲಿ ಒಂದು ಮ್ಯಾಪಿಂಗ್ ಇರುತ್ತದೆ: ಈ ವಿಳಾಸ ಬಂದರೆ ಈ ಕ್ಲಾಸ್ ಓಡಿಸು.

ಈ ಮ್ಯಾಪಿಂಗ್ ಏಕೆ ಗೆಲ್ಲುತ್ತದೆ ಎಂದು ತಿಳಿಯಲು ಸರ್ವ್‌ಲೆಟ್ ನಿಯಮದ ಕ್ರಮ ಗೊತ್ತಿರಬೇಕು. ವಿಳಾಸ ಬಂದ ಕೂಡಲೇ ಟಾಮ್‌ಕ್ಯಾಟ್ ಮೊದಲು ಅಕ್ಷರಕ್ಕೆ ಅಕ್ಷರ ಹೊಂದುವ ಮ್ಯಾಪಿಂಗ್ ಹುಡುಕುತ್ತದೆ. ಅದು ಸಿಗದಿದ್ದರೆ ಕೊನೆಯಲ್ಲಿ ನಕ್ಷತ್ರ ಇರುವ ದಾರಿಗಳಲ್ಲಿ ಅತಿ ಉದ್ದವಾಗಿ ಹೊಂದುವುದನ್ನು ಹುಡುಕುತ್ತದೆ. ಅದೂ ಇಲ್ಲದಿದ್ದರೆ *.ಜೆಎಸ್‌ಪಿ ಥರದ ವಿಸ್ತರಣೆ. ಎಲ್ಲ ಮುಗಿದ ಮೇಲೆ ಬರೀ ಓರೆಗೆರೆಯ ಡಿಫಾಲ್ಟ್ ಸರ್ವ್‌ಲೆಟ್. ಜಾಸ್ಪರ್ ಕೂತಿರುವುದು ಮೂರನೆಯ ಜಾಗದಲ್ಲಿ. ಟಾಮ್‌ಕ್ಯಾಟ್‌ನ ಕಾನ್ಫ್ ಫೋಲ್ಡರಿನಲ್ಲಿರುವ ವೆಬ್ ಡಾಟ್ ಎಕ್ಸ್‌ಎಂಎಲ್ ಅದನ್ನು *.ಜೆಎಸ್‌ಪಿ ಮತ್ತು *.ಜೆಎಸ್‌ಪಿಎಕ್ಸ್‌ಗೆ ಕಟ್ಟಿಹಾಕಿದೆ. ಮುಂಚೆಯೇ ಕಂಪೈಲ್ ಆದ ಪುಟದ ಮ್ಯಾಪಿಂಗ್ ಮೊದಲನೆಯ ಜಾಗದಲ್ಲಿ ಇರುತ್ತದೆ. ಜಾಸ್ಪರ್‌ಗೆ ವಿನಂತಿ ಬಂದದ್ದೇ ಗೊತ್ತಾಗುವುದಿಲ್ಲ, ಇನ್ನು ಫೈಲ್ ಬದಲಾಗಿದೆಯೇ ಎಂದು ಅದು ನೋಡುವುದೆಲ್ಲಿಂದ ಬಂತು?

ಪರಿಹಾರ ಸುಲಭ. ನಿಮ್ಮ ಅಪ್ಲಿಕೇಶನ್ನಿನ ವೆಬ್ ಡಾಟ್ ಎಕ್ಸ್‌ಎಂಎಲ್ ತೆರೆದು ಆರ್ಗ್ ಡಾಟ್ ಅಪಾಚೆ ಡಾಟ್ ಜೆಎಸ್‌ಪಿ ಎಂದು ಹುಡುಕಿ. ಸಿಕ್ಕಿದರೆ ಪತ್ತೆಯಾಯಿತು. ಪೂರ್ತಿ ಬಿಲ್ಡ್ ಮತ್ತೆ ಮಾಡಿ, ಇಲ್ಲವೇ ಆ ತುಣುಕು ಮತ್ತು ಅದರ ಕ್ಲಾಸುಗಳನ್ನು ತೆಗೆದುಬಿಡಿ. ನನ್ನ ಮಟ್ಟಿಗೆ, ಯಾವಾಗಲಾದರೂ ಒಂದು ಪುಟ ತಿದ್ದುವ ಬಳಗದ ಸೈಟಿಗೆ ಮುಂಚಿನ ಕಂಪೈಲ್ ಬೇಕಿಲ್ಲ. ದಿನಕ್ಕೆ ಸಾವಿರಾರು ಜನ ಬರುವ, ಮೊದಲ ವಿನಂತಿಯೂ ಬೇಗ ಬರಬೇಕಾದ ಕಡೆ ಅದು ಒಳ್ಳೆಯದು.

ಮ್ಯಾಪಿಂಗ್‌ನ ಬೇರೆ ತೊಂದರೆಗಳು

ಸ್ಪ್ರಿಂಗ್ ಬಲ್ಲವರು ಜಾಸ್ತಿ ಸಿಕ್ಕಿಕೊಳ್ಳುವುದು ಇಲ್ಲಿ. ಬಂದ ವಿನಂತಿಗಳನ್ನು ಹಂಚುವ ತಮ್ಮ ಡಿಸ್‌ಪ್ಯಾಚರ್ ಸರ್ವ್‌ಲೆಟ್ಟನ್ನು /* ಗೆ ಕಟ್ಟುತ್ತಾರೆ. ಅದು ಎರಡನೆಯ ಜಾಗದ ನಿಯಮ, ಹಾಗಾಗಿ *.ಜೆಎಸ್‌ಪಿಗಿಂತ ಮುಂದೆ. ಡಿಸ್‌ಪ್ಯಾಚರ್ ಪುಟವನ್ನು ಫಾರ್ವರ್ಡ್ ಮಾಡಿದರೆ ಅದೂ ತಿರುಗಿ ಡಿಸ್‌ಪ್ಯಾಚರ್‌ಗೇ ಬರುತ್ತದೆ. 404 (ಪುಟ ಸಿಗಲಿಲ್ಲ ಎಂಬ ಸಂದೇಶ) ಬರಬಹುದು, ಇಲ್ಲವೇ ಸುತ್ತಿ ಸುತ್ತಿ ಸ್ಟ್ಯಾಕ್ ಓವರ್‌ಫ್ಲೋ ಆಗಬಹುದು. ನಕ್ಷತ್ರ ತೆಗೆದು ಬರೀ / ಇಡಿ. ಆಗ ಅದು ಕೊನೆಯ ಜಾಗಕ್ಕೆ ಹೋಗುತ್ತದೆ, ಜೆಎಸ್‌ಪಿಗಳು ಜಾಸ್ಪರ್‌ಗೆ ಸಿಗುತ್ತವೆ.

ವೆಬ್-ಇನ್ಫ್ ಫೋಲ್ಡರಿನ ಒಳಗಿಟ್ಟ ಪುಟವನ್ನು ಬ್ರೌಸರಿನಿಂದ ನೇರವಾಗಿ ಕೇಳಿದರೆ 404 ಬರಲೇಬೇಕು. ಅದು ಕಾವಲು. ಸರ್ವ್‌ಲೆಟ್ ಒಳಗಿನಿಂದ ಫಾರ್ವರ್ಡ್ ಮಾಡಿದರೆ ಮಾತ್ರ ಆ ಪುಟ ತೆರೆಯುತ್ತದೆ.

ಇದಕ್ಕೆ ವಿರುದ್ಧವಾದ ದೋಷ ಅಪಾಯದ್ದು: ಬ್ರೌಸರಿನಲ್ಲಿ ಪುಟದ ಬದಲು ನಿಮ್ಮ ಕೋಡೇ ಕಾಣುತ್ತದೆ. ಬೇರೆ ಪುಟಗಳ ಒಳಗೆ ಸೇರಿಸುವ ತುಣುಕು ಫೈಲುಗಳಿಗೆ ಜೆಎಸ್‌ಪಿಎಫ್ ಎಂಬ ವಿಸ್ತರಣೆ ಕೊಡುವ ರೂಢಿ ಇದೆ. ಅದಕ್ಕೆ ಜಾಸ್ಪರ್ ಮ್ಯಾಪಿಂಗ್ ಇಲ್ಲ. ಯಾರಾದರೂ ವಿಳಾಸ ಊಹಿಸಿ ಕೇಳಿದರೆ ಡಿಫಾಲ್ಟ್ ಸರ್ವ್‌ಲೆಟ್ ಅದನ್ನು ಸಾದಾ ಫೈಲಿನಂತೆ ಹಾಗೇ ಕೊಟ್ಟುಬಿಡುತ್ತದೆ. ಸರ್ವರ್ ಮೇಲೆ ತಿದ್ದುವ ಮುಂಚೆ ಪ್ರತಿ ಮಾಡಿ ಕೊನೆಗೆ ಡಾಟ್ ಬಿಎಕೆ ಎಂದು ಇಟ್ಟ ಫೈಲಿಗೂ ಇದೇ ಗತಿ. ಒಳಗೆ ಡೇಟಾಬೇಸ್ ಪಾಸ್‌ವರ್ಡ್ ಇದ್ದರೆ? ಸದಸ್ಯರ ಫೋನ್ ನಂಬರು, ಮನೆ ವಿಳಾಸ ನಮ್ಮನ್ನು ನಂಬಿ ಕೊಟ್ಟದ್ದು. ದಯವಿಟ್ಟು ತುಣುಕುಗಳನ್ನು ವೆಬ್-ಇನ್ಫ್ ಒಳಗೇ ಇಡಿ, ಸರ್ವರ್ ಮೇಲೆ ಬ್ಯಾಕಪ್ ಪ್ರತಿ ಇಡಲೇಬೇಡಿ. ಕೋಡೇ ಕಂಡಿದ್ದರೆ ಮ್ಯಾಪಿಂಗ್ ಸರಿಮಾಡುವುದು ಆಮೇಲೆ, ಮೊದಲು ಪಾಸ್‌ವರ್ಡ್ ಬದಲಾಯಿಸಿ.

ಕಂಪೈಲ್ ಆಗದಿದ್ದರೆ

ಇಲ್ಲಿ ಸರ್ವರ್ ತಾನೇ ಹೇಳುತ್ತದೆ, ಓದುವ ತಾಳ್ಮೆ ಇದ್ದರೆ ಸಾಕು. ದೋಷದ ಸಂದೇಶದಲ್ಲಿ ಜೆಎಸ್‌ಪಿ ಸಾಲಿನ ಸಂಖ್ಯೆ ಇರುತ್ತದೆ. ಆದರೆ ಓಡುವಾಗ ಬರುವ ದೋಷದ ಸ್ಟ್ಯಾಕ್ ಟ್ರೇಸ್‌ನಲ್ಲಿ (ದೋಷ ಎಲ್ಲಿಂದ ಬಂತೆಂದು ತೋರಿಸುವ ಪಟ್ಟಿ) ಇರುವುದು ಜಾವಾ ಫೈಲಿನ ಸಾಲಿನ ಸಂಖ್ಯೆ. ಅದನ್ನು ಹಿಡಿದು ಜೆಎಸ್‌ಪಿಯಲ್ಲಿ ಹುಡುಕಬೇಡಿ. ವರ್ಕ್ ಫೋಲ್ಡರಿನ ಜಾವಾ ಫೈಲ್ ತೆರೆದು ಆ ಸಾಲಿಗೆ ಹೋಗಿ.

ಟಾಮ್‌ಕ್ಯಾಟ್ 9ರಿಂದ 10ಕ್ಕೆ ಏರಿದ ಮೇಲೆ ಎಲ್ಲ ಪುಟ ಒಟ್ಟಿಗೆ ಮುರಿದರೆ ಕಾರಣ ಬಹುಮಟ್ಟಿಗೆ ಒಂದೇ. ಜಾವಾಎಕ್ಸ್ ಡಾಟ್ ಸರ್ವ್‌ಲೆಟ್ ಎಂಬ ಪ್ಯಾಕೇಜು 10ರಲ್ಲಿ ಜಕಾರ್ತಾ ಡಾಟ್ ಸರ್ವ್‌ಲೆಟ್ ಆಗಿದೆ. ಪುಟದ ಇಂಪೋರ್ಟ್‌ಗಳು, ಜೆಎಸ್‌ಟಿಎಲ್ (ಜೆಎಸ್‌ಪಿಯ ಸಿದ್ಧ ಟ್ಯಾಗ್‌ಗಳು) ಇರುವ ಜಾರ್ ಫೈಲುಗಳು ಎರಡೂ ಬದಲಾಗಬೇಕು. ಅಪಾಚೆಯವರದೇ ಒಂದು ಬದಲಾವಣೆ ಉಪಕರಣ ಇದೆ, ಅದನ್ನು ಬಳಸಿ.

"ಒಂದೇ ಹೆಸರಿನ ವೇರಿಯಬಲ್ ಎರಡು ಸಲ" ಎಂಬ ದೂರು ಬಂದರೆ ಇನ್‌ಕ್ಲೂಡ್ ನೋಡಿ. <%@ ಎಂದು ಶುರುವಾಗುವ ಇನ್‌ಕ್ಲೂಡ್ ಡೈರೆಕ್ಟಿವ್ ತುಣುಕಿನ ಕೋಡನ್ನು ಪುಟದ ಒಳಗೇ ಸೇರಿಸಿ ಒಂದೇ ಸರ್ವ್‌ಲೆಟ್ ಮಾಡುತ್ತದೆ. ಎರಡು ತುಣುಕುಗಳಲ್ಲಿ ಒಂದೇ ಹೆಸರು ಇದ್ದರೆ ಜಗಳ. ಜೆಎಸ್‌ಪಿ ಇನ್‌ಕ್ಲೂಡ್ ಟ್ಯಾಗ್ ಬಳಸಿದರೆ ತುಣುಕು ಬೇರೆಯೇ ಸರ್ವ್‌ಲೆಟ್ ಆಗಿ ಓಡುವಾಗ ಸೇರಿಕೊಳ್ಳುತ್ತದೆ.

"65535 ಬೈಟ್ ಮಿತಿ ಮೀರಿದೆ" ಎಂಬ ದೂರಿಗೂ ಇದೇ ದಾರಿ. ಜಾವಾದಲ್ಲಿ ಒಂದು ಮೆಥಡ್‌ನ ಕಂಪೈಲ್ ಆದ ಕೋಡಿಗೆ ಅಷ್ಟೇ ಜಾಗ, ಪುಟದ ಬಹುಪಾಲು ಒಂದೇ ಮೆಥಡ್‌ಗೆ ಇಳಿಯುತ್ತದೆ. ಕನ್ನಡ ಪಠ್ಯ ಉದ್ದ ಆಯಿತೆಂದು ಅದನ್ನು ಕತ್ತರಿಸಬೇಡಿ. ಅಕ್ಷರಗಳು ಈ ಲೆಕ್ಕಕ್ಕೆ ಬರುವುದಿಲ್ಲ, ಅವು ಕ್ಲಾಸ್ ಫೈಲಿನ ಬೇರೆ ಭಾಗದಲ್ಲಿರುತ್ತವೆ. ಜಾಗ ತಿನ್ನುವುದು ಟ್ಯಾಗ್‌ಗಳು, ಅವುಗಳ ಒಳಗೆ ತುರುಕಿದ ಜಾವಾ ಕೋಡು, ಮತ್ತು ಒಳಸೇರಿದ ತುಣುಕುಗಳು.

ತಾರೀಖಿನ ಗೊಂದಲ

ಫೈಲ್ ಬದಲಾಗಿದೆಯೇ ಎಂದು ಜಾಸ್ಪರ್ ತಿಳಿಯುವುದು ಫೈಲಿನ ತಾರೀಖು ನೋಡಿ. ಒಳಗಿನ ಪಠ್ಯವನ್ನು ಹೋಲಿಸಿ ಅಲ್ಲ. ಡೆವಲಪ್‌ಮೆಂಟ್ ಎಂಬ ಸೆಟ್ಟಿಂಗ್ ಟ್ರೂ ಇದ್ದರೆ ವಿನಂತಿ ಬಂದಾಗ ನೋಡುತ್ತದೆ, ಅದೂ 4 ಸೆಕೆಂಡಿಗೆ ಒಮ್ಮೆ. ನಾವು ಬದಲಾಯಿಸದಿದ್ದರೆ ಇರುವುದು ಇಷ್ಟೇ ಸೆಕೆಂಡು. ಹಾಗಾಗಿ ಸೇವ್ ಮಾಡಿದ ಕ್ಷಣವೇ ರಿಫ್ರೆಶ್ ಒತ್ತಿದರೆ ಹಳೆಯದು ಕಾಣಬಹುದು. ಸ್ವಲ್ಪ ತಡೆದು ನೋಡಿ. ಡೆವಲಪ್‌ಮೆಂಟ್ ಫಾಲ್ಸ್ ಆಗಿದ್ದು, ಚೆಕ್ ಇಂಟರ್ವಲ್ (ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಎಂಬ ಸೆಟ್ಟಿಂಗ್) 0 ಇದ್ದರೆ ಮತ್ತೆ ನೋಡುವುದೇ ಇಲ್ಲ. ಸೈಟು ವೇಗವಾಗಲಿ ಎಂದು ಯಾರೋ ಹಿಂದೆ ಹಾಗೆ ಇಟ್ಟಿರುತ್ತಾರೆ. ತಪ್ಪಲ್ಲ, ಆದರೆ ಆಗ ಪುಟ ತಿದ್ದಿದ ಮೇಲೆ ಅಪ್ಲಿಕೇಶನ್ ರೀಲೋಡ್ ಮಾಡಲೇಬೇಕು.

ಇನ್ನು ಗಡಿಯಾರ. ಬಾಡಿಗೆ ಯಂತ್ರ ಮುಂಬೈನಲ್ಲೇ ಇದ್ದರೂ ಅದರ ಸಮಯ ಸಾಮಾನ್ಯವಾಗಿ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇರುತ್ತದೆ. ನಮ್ಮ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ, ಅಂದರೆ ಐದೂವರೆ ಗಂಟೆ ಮುಂದೆ. ವಾರ್ ಫೈಲ್ ಎಂದರೆ ಒಳಗೆ ಜಿಪ್. ಜಿಪ್‌ನ ಮೂಲ ತಾರೀಖಿನಲ್ಲಿ ಯಾವ ದೇಶದ ಸಮಯ ಎಂಬ ಮಾಹಿತಿ ಇಲ್ಲ. ಪುಣೆಯಲ್ಲಿ ಸಂಜೆ 6ಕ್ಕೆ ಉಳಿಸಿದ ಫೈಲ್, ಯುಟಿಸಿ ಯಂತ್ರದಲ್ಲಿ ಬಿಚ್ಚಿದಾಗ ಯುಟಿಸಿ ಸಂಜೆ 6ರ ಫೈಲ್ ಆಗಬಹುದು. ನಮ್ಮ ಲೆಕ್ಕದಲ್ಲಿ ಅದು ರಾತ್ರಿ 11.30. ಇನ್ನೂ ಬಂದಿರದ ಹೊತ್ತು!

ಹಳೆಯ ಟಾಮ್‌ಕ್ಯಾಟ್‌ಗಳು ಜೆಎಸ್‌ಪಿ ಫೈಲ್ ಕ್ಲಾಸಿಗಿಂತ ಹೊಸದೇ ಎಂದಷ್ಟೇ ಕೇಳುತ್ತಿದ್ದವು. ತಾರೀಖು ಮುಂದೆ ಇದ್ದರೆ, ಆ ಹೊತ್ತು ಬರುವ ತನಕ ಪುಟ ಮತ್ತೆ ಮತ್ತೆ ಕಂಪೈಲ್ ಆಗಿ ಸೈಟು ತೆವಳುತ್ತದೆ. ಇದರ ಉಲ್ಟಾ ಕೂಡ ಆಗುತ್ತದೆ: ಬ್ಯಾಕಪ್‌ನಿಂದ ಹಳೆಯ ತಾರೀಖಿನ ಪುಟ ತಂದು ಹಾಕಿದರೆ, ಕ್ಲಾಸ್ ಅದಕ್ಕಿಂತ ಹೊಸದಾದ್ದರಿಂದ ಕಂಪೈಲ್ ಆಗುವುದೇ ಇಲ್ಲ. ಈಗಿನ ಆವೃತ್ತಿಗಳು ತಾರೀಖು ಮುಂದೆ ಹೋದರೂ ಹಿಂದೆ ಹೋದರೂ, ಬೇರೆ ಆಗಿದ್ದರೆ ಸಾಕು, ಮತ್ತೆ ಕಂಪೈಲ್ ಮಾಡುತ್ತವೆ. ಹಾಗಾಗಿ ಈ ದೋಷ ಕಂಡರೆ ಟಾಮ್‌ಕ್ಯಾಟ್ ಆವೃತ್ತಿ ಏರಿಸುವುದು ಒಳ್ಳೆಯದು. ಅಲ್ಲಿಯವರೆಗೆ ಡಿಪ್ಲಾಯ್ ಆದ ಮೇಲೆ ಎಲ್ಲ ಜೆಎಸ್‌ಪಿ ಫೈಲುಗಳಿಗೆ ಟಚ್ ಕಮಾಂಡ್ ಕೊಟ್ಟು ಈಗಿನ ಸಮಯ ಹಚ್ಚಿ.

ಪುಟ ಬರುತ್ತದೆ, ಅಕ್ಷರ ಒಡೆದಿದೆ

ಕನ್ನಡದ ಸೈಟುಗಳಲ್ಲಿ ಇದನ್ನು ನೋಡದವರಿಲ್ಲ. ಇದೂ ಜೆಎಸ್‌ಪಿಯಿಂದ ಜಾವಾಗೆ ಹೋಗುವ ಹಂತದ ದೋಷ. ಪುಟದ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿ) ಎಲ್ಲೂ ಹೇಳದಿದ್ದರೆ ಜಾಸ್ಪರ್ ಅದನ್ನು ಕನ್ನಡವೇ ಇಲ್ಲದ ಐಎಸ್‌ಒ 8859-1 ಎಂದು ಓದುತ್ತದೆ. ಯುಟಿಎಫ್-8ರಲ್ಲಿ ಒಂದು ಕನ್ನಡ ಅಕ್ಷರ ಅಥವಾ ಚಿಹ್ನೆಗೆ 3 ಬೈಟ್. ಹಾಗಾಗಿ ಒಂದೊಂದೂ ಮೂರು ವಿಚಿತ್ರ ಅಕ್ಷರ ಆಗುತ್ತದೆ.

ಆ ವಿಚಿತ್ರ ಅಕ್ಷರಗಳೇ ಸುಳಿವು ಕೊಡುತ್ತವೆ. ತಲೆ ಮೇಲೆ ಓರೆ ಗೀಟಿರುವ ಇಂಗ್ಲಿಷ್ ಎ, ಪಕ್ಕದಲ್ಲಿ ಮೇಲೇರಿದ ಪುಟ್ಟ ² ಅಥವಾ ³ ಕಂಡರೆ ಅದು ಒಡೆದ ಕನ್ನಡ. ಅದೇ ಎ ಪಕ್ಕದಲ್ಲಿ ¤ ಅಥವಾ ¥ ಗುರುತು ಕಂಡರೆ ಒಡೆದ ಮರಾಠಿ. ಎರಡು ಭಾಷೆಯ ಪುಟದಲ್ಲಿ ಯಾವ ತುಣುಕು ಒಡೆದಿದೆ ಎಂದು ಇದರಿಂದಲೇ ಗೊತ್ತಾಗುತ್ತದೆ. ಇದೇನೂ ಇಲ್ಲದೆ ಬರೀ ಪ್ರಶ್ನೆ ಚಿಹ್ನೆಗಳ ಸಾಲು ಇದ್ದರೆ ಓದುವುದು ಸರಿಯಾಗಿದೆ, ಬ್ರೌಸರಿಗೆ ಕಳಿಸುವಾಗ ತಪ್ಪಿದೆ. ಕಂಟೆಂಟ್ ಟೈಪ್‌ನಲ್ಲಿ ಹಳೆಯ ಚಾರ್‌ಸೆಟ್ ಉಳಿದುಕೊಂಡಿದೆಯೇ ನೋಡಿ.

ನಡುವಿನ ಪಟ್ಟಿ ಸರಿ, ಮೇಲಿನ ಶೀರ್ಷಿಕೆ ಮತ್ತು ಕೆಳಗಿನ ಸಾಲು ಮಾತ್ರ ಒಡೆದಿವೆ ಎಂಬುದು ಬಹಳ ಸಾಮಾನ್ಯ. ಕಾರಣ, ಒಳಸೇರಿಸಿದ ತುಣುಕಿಗೆ ಮುಖ್ಯ ಪುಟದ ಎನ್‌ಕೋಡಿಂಗ್ ಅನ್ವಯಿಸುವುದಿಲ್ಲ. ಪ್ರತಿ ಫೈಲಿನ ಎನ್‌ಕೋಡಿಂಗ್ ಬೇರೆ ಬೇರೆಯಾಗಿ ತೀರ್ಮಾನ ಆಗುತ್ತದೆ. ಪ್ರತಿ ತುಣುಕಿನ ಮೇಲೂ ಪೇಜ್‌ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆಯಿರಿ. ಇಲ್ಲವೇ ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಜೆಎಸ್‌ಪಿ ಪ್ರಾಪರ್ಟಿ ಗ್ರೂಪ್ ಹಾಕಿ ಒಂದೇ ಸಲ ಹೇಳಿಬಿಡಿ. ಅಲ್ಲಿ *.ಜೆಎಸ್‌ಪಿ ಜೊತೆ *.ಜೆಎಸ್‌ಪಿಎಫ್ ಕೂಡ ಸೇರಿಸುವುದನ್ನು ಮರೆಯಬೇಡಿ.

ಒಬ್ಬರ ಹೆಸರು ಇನ್ನೊಬ್ಬರಿಗೆ ಕಂಡರೆ

ಚಿಂಚವಾಡದವರು ಲಾಗಿನ್ ಆದರೆ ಕೋಥರೂಡದವರ ಹೆಸರು ಕಾಣುತ್ತದೆ, ಅದೂ ಯಾವಾಗಲೋ ಒಮ್ಮೆ. ಒಬ್ಬರೇ ಪರೀಕ್ಷೆ ಮಾಡಿದರೆ ಎಲ್ಲ ಸರಿ. ಇಂಥ ದೂರನ್ನು "ಅವರಿಗೇನೋ ಹಾಗೆ ಅನಿಸಿರಬೇಕು" ಎಂದು ತಳ್ಳಿಹಾಕಬೇಡಿ.

ಜಾವಾ ಫೈಲ್ ತೆರೆದರೆ ಉತ್ತರ ಕಾಣುತ್ತದೆ. <% ಒಳಗೆ ಬರೆದ ವೇರಿಯಬಲ್ ಜೆಎಸ್‌ಪಿ ಸರ್ವಿಸ್ ಮೆಥಡ್ ಒಳಗೆ ಇರುತ್ತದೆ, ಪ್ರತಿ ವಿನಂತಿಗೂ ಹೊಸದು. <%! ಒಳಗೆ ಬರೆದದ್ದು ಮೆಥಡ್ ಹೊರಗೆ, ಕ್ಲಾಸಿನ ಫೀಲ್ಡ್ ಆಗಿ ಇರುತ್ತದೆ. ಪುಟಕ್ಕೆ ಇರುವುದು ಒಂದೇ ಸರ್ವ್‌ಲೆಟ್, ಒಂದೇ ಹೊತ್ತಿಗೆ ಹಲವು ಜನ ಅದನ್ನೇ ಬಳಸುತ್ತಾರೆ. ಹಾಗಾಗಿ ಆ ಒಂದು ಆಶ್ಚರ್ಯ ಚಿಹ್ನೆಯಿಂದ ಸದಸ್ಯರ ಹೆಸರು ಎಲ್ಲರ ಸ್ವತ್ತಾಗುತ್ತದೆ. ಅದನ್ನು ತೆಗೆಯಿರಿ, ಅಥವಾ ಹೆಸರನ್ನು ಸೆಷನ್ನಿನಲ್ಲಿ (ಲಾಗಿನ್ ಆದ ಒಬ್ಬೊಬ್ಬರಿಗೂ ಸರ್ವರ್ ಬೇರೆಯಾಗಿ ಇಡುವ ಮಾಹಿತಿ) ಇಡಿ.

ವರ್ಕ್ ಅಳಿಸುವ ಮುನ್ನ

ಕೆಲವೊಮ್ಮೆ ವರ್ಕ್ ಫೋಲ್ಡರ್ ಅಳಿಸಲೇಬೇಕಾಗುತ್ತದೆ. ಆಗ ಮೊದಲು ಟಾಮ್‌ಕ್ಯಾಟ್ ನಿಲ್ಲಿಸಿ, ನಿಮ್ಮ ಅಪ್ಲಿಕೇಶನ್ನಿನ ಒಂದು ಫೋಲ್ಡರ್ ಮಾತ್ರ ಅಳಿಸಿ, ಮತ್ತೆ ಶುರು ಮಾಡಿ. ಅಳಿಸುವ ಮುಂಚೆ ಅದರ ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ, ಕಾರಣ ಹುಡುಕಲು ಸಾಕ್ಷಿ ಅದೇ. ಹಳೆಯ ಟಾಮ್‌ಕ್ಯಾಟ್‌ಗಳು ನಿಲ್ಲುವಾಗ ಸೆಷನ್‌ಗಳನ್ನೂ ಇದೇ ಫೋಲ್ಡರಿನಲ್ಲಿ ಬರೆದಿಡುತ್ತವೆ. ಅಳಿಸಿದರೆ ಎಲ್ಲರೂ ಮತ್ತೆ ಲಾಗಿನ್ ಆಗಬೇಕು. ಭಾನುವಾರ ಬೆಳಿಗ್ಗೆ ಜನ ಪುಸ್ತಕ ಹುಡುಕುವ ಹೊತ್ತಿಗೆ ಈ ಕೆಲಸ ಬೇಡ.

ಶುರುವಾದ ಮೇಲೆ ಪ್ರತಿ ಪುಟದ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ ಹಾಕಿ ಜೆಎಸ್‌ಪಿ ಅಂಡರ್‌ಸ್ಕೋರ್ ಪ್ರಿಕಂಪೈಲ್ ಎಂದು ಸೇರಿಸಿ ಕರೆಯಿರಿ. ಈ ಪ್ಯಾರಾಮೀಟರ್ ಜೆಎಸ್‌ಪಿ ನಿಯಮದಲ್ಲೇ ಇದೆ. ಪುಟ ಓಡುವುದಿಲ್ಲ, ಕಂಪೈಲ್ ಮಾತ್ರ ಆಗುತ್ತದೆ. ಎಲ್ಲ ಪುಟಗಳ ವಿಳಾಸ ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ಬರೆದಿಟ್ಟು ಡಿಪ್ಲಾಯ್ ಆದ ತಕ್ಷಣ ಓಡಿಸಿ. ಯಾವುದರಲ್ಲಿ 500 ಬಂತೋ ಆ ಪುಟವನ್ನು ಸದಸ್ಯರು ತೆರೆಯುವ ಮುಂಚೆ ನೀವೇ ತೆರೆದಿರುತ್ತೀರಿ.